ಹುಟ್ಟಿದ ಮರುದಿನದಿಂದಲೇ ಕಟ್ಟಿದ ಮೂಗು, ಬಿಡದ ಕಫ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಕಳೆದ ಸಂಚಿಕೆಯಲ್ಲಿ ಮಕ್ಕಳ ಕೆಮ್ಮಿನ ಬಗ್ಗೆ ಬರೆದ ಮೇಲೆ ಬಂದ ಪತ್ರಗಳಲ್ಲಿ ಕೆಲವು ಒಂದೇ ಕಾಯಿಲೆಯತ್ತ ಬೊಟ್ಟು ಮಾಡುವಂತಿದ್ದವು. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಮೂಗು, ಸೈನಸ್, ನಡುಕಿವಿ, ಶ್ವಾಸನಾಳ ಇವೆಲ್ಲದರ ಒಳಮೈಯಲ್ಲಿ ಸಿಲಿಯಾ ಎಂಬ ಅತಿಸೂಕ್ಷ್ಮ ರೋಮಗಳಿವೆ. ಒಂದು ಜೀವಕೋಶದ ಮೇಲೆ ಸುಮಾರು 200. ಸೆಕೆಂಡಿಗೆ ಹತ್ತು ಹದಿನೈದು ಸಲ ಒಂದೇ ದಿಕ್ಕಿಗೆ ಬಡಿದು ಕಫವನ್ನು, ಅದಕ್ಕೆ ಅಂಟಿದ ಧೂಳು ಮತ್ತು ರೋಗಾಣುಗಳನ್ನು ಗಂಟಲಿನ ಕಡೆಗೆ ಸಾಗಿಸುವುದು ಇವುಗಳ ಕೆಲಸ. ಹುಟ್ಟಿನಿಂದಲೇ ಈ ಬಡಿತ ಇಲ್ಲದಿದ್ದರೆ, ಅಥವಾ ಬಡಿತವಿದ್ದೂ ಕ್ರಮ ತಪ್ಪಿದ್ದರೆ ಅದು ಪ್ರೈಮರಿ ಸಿಲಿಯರಿ ಡಿಸ್ಕೈನೀಸಿಯಾ. ಚಿಕ್ಕದಾಗಿ ಪಿಸಿಡಿ. ಹತ್ತರಿಂದ ಇಪ್ಪತ್ತು ಸಾವಿರ ಜನರಲ್ಲಿ ಒಬ್ಬರಿಗೆ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಅಪರೂಪದ ಕಾಯಿಲೆ ಹೌದು, ಆದರೆ ಅದರ ಗುರುತುಗಳು ಅಪರೂಪದವಲ್ಲ: ಶೀತ, ಕೆಮ್ಮು, ಕಿವಿ ಸೋರುವುದು. ಅದಕ್ಕೇ ವರ್ಷಗಟ್ಟಲೆ ಕಣ್ಣು ತಪ್ಪಿಸಿಕೊಳ್ಳುತ್ತದೆ.

ಪ್ರಶ್ನೆ: ಮಗನಿಗೆ ನಾಲ್ಕು ವರ್ಷ. ತಿಂಗಳು ತುಂಬಿಯೇ ಹುಟ್ಟಿದವನು, ತೂಕ 3.1 ಕೆ.ಜಿ. ಮರುದಿನ ಉಸಿರಾಟ ಜೋರಾಯಿತೆಂದು ಎನ್‌ಐಸಿಯುಗೆ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಹಾಕಿ ಒಂಬತ್ತು ದಿನ ಆಕ್ಸಿಜನ್ ಕೊಟ್ಟರು. ಅಲ್ಲಿಂದ ಈಚೆಗೆ ಮೂಗು ಸೋರದ ದಿನವಿಲ್ಲ, ಎದೆಯಲ್ಲಿ ಗುರುಗುರು, ಕಫದ ಕೆಮ್ಮು. ಕಿವಿಯೂ ಆಗಾಗ ಸೋರುತ್ತದೆ. ಅಸ್ತಮಾ ಎಂದು ಎರಡು ವರ್ಷದಿಂದ ಇನ್‌ಹೇಲರ್ ನಡೆಯುತ್ತಿದೆ, ಗುಣ ಕಾಣಲಿಲ್ಲ. "ನಮ್ಮೂರಿನ ಮಳೆಗೆ ಮಕ್ಕಳಿಗೆ ಶೀತ ಇದ್ದದ್ದೇ" ಎನ್ನುತ್ತಾರೆ ಅತ್ತೆ. ಪಿಸಿಡಿ ಇರಬಹುದೇ ಎಂದು ಕೇಳಿದ್ದಕ್ಕೆ, ಎಕ್ಸ್‌ರೇಯಲ್ಲಿ ಹೃದಯ ಎಡಗಡೆಯೇ ಇದೆ, ಆದ್ದರಿಂದ ಅಲ್ಲ ಎಂಬ ಉತ್ತರ ಸಿಕ್ಕಿತು. ಇದು ಸರಿಯೇ? (ಬ್ರಹ್ಮಾವರದ ಒಬ್ಬ ತಾಯಿ)

ಉತ್ತರ: ಸರಿಯಲ್ಲ. ಪಿಸಿಡಿ ಇರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಹೃದಯ ಎಡಗಡೆಯೇ ಇರುತ್ತದೆ. ಭ್ರೂಣದ ಮೊದಮೊದಲ ವಾರಗಳಲ್ಲಿ ಎಡ ಯಾವುದು, ಬಲ ಯಾವುದು ಎಂದು ಗೊತ್ತುಮಾಡುವುದೂ ಒಂದು ಬಗೆಯ ಸಿಲಿಯಾಗಳೇ. ಅವು ಸುತ್ತುತ್ತಾ ದ್ರವವನ್ನು ಒಂದು ಕಡೆಗೆ ಹರಿಸುತ್ತವೆ. ಆ ಹರಿವು ಇಲ್ಲದಿದ್ದರೆ ಅಂಗಗಳು ಎಡಕ್ಕೂ ಬರಬಹುದು, ಬಲಕ್ಕೂ ಬರಬಹುದು; ಅದಕ್ಕೇ ಅರ್ಧ ಅರ್ಧ. ಇನ್ನು ಕೆಲವು ಜೀನ್‌ಗಳ ದೋಷದಲ್ಲಿ ಶ್ವಾಸನಾಳದ ಸಿಲಿಯಾ ಮಾತ್ರ ಕೆಡುತ್ತದೆ, ಅಂಗಗಳ ಜಾಗ ಬದಲಾಗುವುದೇ ಇಲ್ಲ. ಹೃದಯ ಬಲಗಡೆ ಇದ್ದರೆ ಅನುಮಾನ ಬಲವಾಗುತ್ತದೆ, ಎಡಗಡೆ ಇದ್ದರೆ ಅನುಮಾನ ಹೋಗುವುದಿಲ್ಲ.

ನಿಮ್ಮ ಪತ್ರದಲ್ಲಿ ನಮ್ಮ ಗಮನ ಹಿಡಿದದ್ದು "ಮರುದಿನ" ಎಂಬ ಮಾತು. ತಿಂಗಳು ತುಂಬಿದ ಮಗುವಿಗೆ ಹುಟ್ಟಿದ ಕೂಡಲೇ ಉಸಿರು ಜೋರಾಗಿ, ಎರಡು ಮೂರು ದಿನದಲ್ಲಿ ತಾನಾಗಿ ಇಳಿದರೆ ಅದು ಹೆಚ್ಚಾಗಿ ಶ್ವಾಸಕೋಶದ ನೀರು ಆರುವುದು ತಡವಾದದ್ದರಿಂದ. ಸಿಸೇರಿಯನ್ ಮಕ್ಕಳಲ್ಲಿ ಇದು ಹೆಚ್ಚು. ಪಿಸಿಡಿಯಲ್ಲಿ ಕ್ರಮ ಬೇರೆ. ಮೊದಲ ಕೆಲವು ಗಂಟೆ ಮಗು ಚೆನ್ನಾಗಿಯೇ ಇರುತ್ತದೆ. ಒಳಗೆ ಕಫ ಕಟ್ಟುತ್ತಾ ಬಂದು 12ರಿಂದ 24 ಗಂಟೆಯ ಹೊತ್ತಿಗೆ ಉಸಿರಾಟ ಏರುತ್ತದೆ, ಆಕ್ಸಿಜನ್ ದಿನಗಟ್ಟಲೆ, ಕೆಲವೊಮ್ಮೆ ವಾರಗಟ್ಟಲೆ ಬೇಕಾಗುತ್ತದೆ. ಎಕ್ಸ್‌ರೇಯಲ್ಲಿ ಶ್ವಾಸಕೋಶದ ಒಂದು ಹಾಲೆ, ಅದರಲ್ಲೂ ಮೇಲಿನದು, ಕುಗ್ಗಿರುವುದು ಕಾಣಬಹುದು. ಪಿಸಿಡಿ ಇರುವ ಪೂರ್ಣಾವಧಿ ಮಕ್ಕಳಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಮಂದಿ ಹುಟ್ಟಿದಾಗ ಹೀಗೆ ಕಷ್ಟಪಟ್ಟವರೇ. ಹೆಚ್ಚಿನ ಕಡೆ ಇದನ್ನು ನವಜಾತ ಶಿಶುವಿನ ನ್ಯುಮೋನಿಯಾ ಎಂದು ಬರೆದು ಕಳಿಸಿರುತ್ತಾರೆ, ನಾಲ್ಕು ವರ್ಷದ ಮೇಲೆ ಬೇರೆ ವೈದ್ಯರ ಎದುರು ಕೂತಾಗ ಅದನ್ನು ಯಾರೂ ಕೇಳುವುದಿಲ್ಲ, ಯಾರೂ ಹೇಳುವುದಿಲ್ಲ.

ಆದ್ದರಿಂದ ಯಾವ ಲ್ಯಾಬಿಗೆ ಹೋಗುವ ಮುಂಚೆಯೂ ಮಗು ಹುಟ್ಟಿದಾಗಿನ ಡಿಸ್ಚಾರ್ಜ್ ಸಮರಿ ಹುಡುಕಿ. ಸಿಗದಿದ್ದರೆ ಆ ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ ಅರ್ಜಿ ಕೊಟ್ಟು ಪ್ರತಿ ತರಿಸಿಕೊಳ್ಳಿ. ಅದರಲ್ಲಿ ಎಷ್ಟನೇ ವಾರಕ್ಕೆ ಹುಟ್ಟಿದ್ದು, ಉಸಿರಾಟದ ತೊಂದರೆ ಎಷ್ಟನೇ ಗಂಟೆಗೆ ಶುರುವಾದದ್ದು, ಆಕ್ಸಿಜನ್ ಒಟ್ಟು ಎಷ್ಟು ಹೊತ್ತು, ಎಕ್ಸ್‌ರೇ ಏನು ಹೇಳಿತು, ರಕ್ತದ ಕಲ್ಚರ್‌ನಲ್ಲಿ ಏನಾದರೂ ಬೆಳೆಯಿತೇ, ಇವಿಷ್ಟನ್ನು ಗುರುತು ಹಾಕಿ.

ಎರಡನೆಯದು, ಮಳೆಯ ಮಾತು. ಅತ್ತೆಯವರು ಹೇಳುವುದರಲ್ಲಿ ನಿಜವಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗನವಾಡಿಯ ಅರ್ಧ ಮಕ್ಕಳ ಮೂಗು ಸೋರುತ್ತಿರುತ್ತದೆ. ಹಾಗಾಗಿ ನೀವು ನೋಡಬೇಕಾದದ್ದು ಮಾರ್ಚ್, ಏಪ್ರಿಲ್‌ನ ಸೆಖೆಯಲ್ಲಿ ಹೇಗಿದ್ದಾನೆ ಎಂದು. ವೈರಸ್ ಶೀತದ ಮಗು ಎರಡು ಶೀತಗಳ ನಡುವೆ ಒಣಗುತ್ತದೆ. ಅಸ್ತಮಾದ ಕೆಮ್ಮು ಬಂದು ಹೋಗುತ್ತದೆ, ಹೆಚ್ಚಾಗಿ ಒಣಕೆಮ್ಮು, ರಾತ್ರಿ ಜಾಸ್ತಿ, ಸರಿಯಾಗಿ ಸ್ಪೇಸರ್ ಹಿಡಿದು ಕೊಟ್ಟ ಇನ್‌ಹೇಲರ್‌ಗೆ ಇಳಿಯುತ್ತದೆ. ಪಿಸಿಡಿಯ ಕೆಮ್ಮಿಗೆ ಬಿಡುವಿಲ್ಲ. ಕ್ಯಾಲೆಂಡರಿನಲ್ಲಿ ಕೆಮ್ಮಿಲ್ಲದ ದಿನಕ್ಕೆ ಮಾತ್ರ ಒಂದು ಗುರುತು ಹಾಕುತ್ತಾ ಬನ್ನಿ. ಎರಡು ತಿಂಗಳಲ್ಲಿ ಗುರುತೇ ಬೀಳದಿದ್ದರೆ ಆ ಹಾಳೆಯನ್ನೇ ವೈದ್ಯರಿಗೆ ತೋರಿಸಿ. ಬೆಳಗ್ಗೆ ಏಳುವಾಗಿನ ಕೆಮ್ಮನ್ನು ಮೊಬೈಲಿನಲ್ಲಿ ಅರ್ಧ ನಿಮಿಷ ರೆಕಾರ್ಡ್ ಮಾಡಿಕೊಂಡರೆ, ಅದು ಒಣಕೆಮ್ಮೋ ಕಫದ್ದೋ ಎಂಬ ಚರ್ಚೆ ಅಲ್ಲಿಗೇ ಮುಗಿಯುತ್ತದೆ.

ಹೊರದೇಶದ ಕೇಂದ್ರಗಳು ನಾಲ್ಕು ಗುರುತುಗಳನ್ನು ಮುಖ್ಯವೆಂದು ಹಿಡಿದಿವೆ: ಪೂರ್ಣಾವಧಿ ಮಗುವಿಗೆ ಕಾರಣ ತಿಳಿಯದ ಉಸಿರಾಟದ ತೊಂದರೆ, ಆರು ತಿಂಗಳೊಳಗೆ ಶುರುವಾಗಿ ವರ್ಷವಿಡೀ ಇರುವ ಕಫದ ಕೆಮ್ಮು, ಆರು ತಿಂಗಳೊಳಗೇ ಶುರುವಾಗಿ ಬಿಡದ ಮೂಗು ಕಟ್ಟುವಿಕೆ, ಅಂಗಗಳ ಎಡಬಲ ಅದಲುಬದಲು. ನಾಲ್ಕರಲ್ಲಿ ಎರಡು ಇದ್ದರೂ ಪರೀಕ್ಷೆಗೆ ಕಳಿಸಬೇಕು. ನಿಮ್ಮ ಮಗನಿಗೆ ಮೂರಿವೆ. ಪಿಕಾಡಾರ್ ಎಂಬ ಇನ್ನೊಂದು ಅಂಕಪಟ್ಟಿಯೂ ಇದೆ. ಚಿಕ್ಕಂದಿನಿಂದ ದಿನಾ ಕಫದ ಕೆಮ್ಮು ಇರುವವರಿಗೆ ಮಾತ್ರ ಅದು ಅನ್ವಯ. ಪೂರ್ಣಾವಧಿಗೆ 2, ನವಜಾತ ಅವಧಿಯಲ್ಲಿ ಎದೆಯ ತೊಂದರೆಗೆ 2, ಎನ್‌ಐಸಿಯು ದಾಖಲಾತಿಗೆ 2, ಅಂಗಗಳ ಜಾಗ ಬದಲಾಗಿದ್ದರೆ 4, ಹುಟ್ಟಿನಿಂದ ಹೃದಯದ ದೋಷವಿದ್ದರೆ 2, ಬಿಡದ ಮೂಗಿನ ತೊಂದರೆಗೆ 1, ಕಿವಿಗೆ 1. ಐದು ಮುಟ್ಟಿದರೆ ಪರೀಕ್ಷೆಗೆ ಕಳಿಸಬೇಕು, ನಿಮ್ಮವನದು ಎಂಟಾಗುತ್ತದೆ. ಅಂಗಗಳು ಸರಿ ಜಾಗದಲ್ಲಿರುವ ಮಕ್ಕಳಿಗೆ ಈ ಪಟ್ಟಿ ಸ್ವಲ್ಪ ಅನ್ಯಾಯ ಮಾಡುತ್ತದೆ, ನಾಲ್ಕು ಅಂಕ ಒಂದೇ ಏಟಿಗೆ ಹೋಗುವುದರಿಂದ. ಬೇರೆ ಯಾರಾದರೂ ಇದನ್ನು ಓದಿ ಲೆಕ್ಕ ಹಾಕಿ ನಾಲ್ಕು ಬಂತೆಂದು ಸುಮ್ಮನಾಗಬಾರದು.

ಅಂಕ ಎಷ್ಟೇ ಬಂದರೂ ಅದು ರೋಗನಿರ್ಣಯವಲ್ಲ. ಪಿಸಿಡಿ ಪರೀಕ್ಷೆಗೆ ಮುಂಚೆ, ಇದೇ ರೀತಿ ಕಾಣುವ ಬೇರೆ ಕಾರಣಗಳನ್ನು ಹತ್ತಿರದ ಮಕ್ಕಳ ವೈದ್ಯರಲ್ಲೇ ಬದಿಗಿಡಬೇಕು. ಕಫ ಗಟ್ಟಿಯಾಗುವ ಇನ್ನೊಂದು ಆನುವಂಶಿಕ ಕಾಯಿಲೆ ಸಿಸ್ಟಿಕ್ ಫೈಬ್ರೋಸಿಸ್‌ಗೆ ಬೆವರಿನ ಕ್ಲೋರೈಡ್ ಪರೀಕ್ಷೆ: ಲೀಟರಿಗೆ 30 ಮಿಲಿಮೋಲ್‌ಗಿಂತ ಕಡಿಮೆ ಬಂದರೆ ಆ ಕಾಯಿಲೆಯ ಸಾಧ್ಯತೆ ಕಡಿಮೆ, 60 ದಾಟಿದರೆ ಇದೆ ಎಂದೇ ಹೆಚ್ಚುಕಡಿಮೆ ಅರ್ಥ. ರೋಗನಿರೋಧಕ ಶಕ್ತಿಯ ಕೊರತೆಗೆ ರಕ್ತದಲ್ಲಿ ಐಜಿಜಿ, ಐಜಿಎ, ಐಜಿಎಂ, ಐಜಿಇ ಎಂಬ ಪ್ರತಿಕಾಯಗಳ ಪ್ರಮಾಣ. ಟಿಬಿಗೆ ಕಫ ಅಥವಾ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ತೆಗೆದ ಜಠರದ ದ್ರವ. ನೆಲಗಡಲೆಯೋ ಅಡಿಕೆ ಚೂರೋ ಶ್ವಾಸನಾಳಕ್ಕೆ ಸೇರಿದ್ದರೆ ಕೆಮ್ಮು ಒಂದು ದಿನ ಥಟ್ಟನೆ ಶುರುವಾಗಿರುತ್ತದೆ, ತೊಂದರೆ ಒಂದೇ ಕಡೆಯ ಶ್ವಾಸಕೋಶದಲ್ಲಿ ಇರುತ್ತದೆ. ನಿಮ್ಮ ಮಗನದು ಹಾಗಿಲ್ಲ. ಇನ್ನೊಂದು ಸಾಮಾನ್ಯ ಕಾರಣ, ನಾಲ್ಕು ವಾರ ಮೀರಿದ ಕಫದ ಕೆಮ್ಮು ಬ್ಯಾಕ್ಟೀರಿಯಾ ಸೋಂಕಿನದ್ದಾಗಿರುವುದು. ಅದಕ್ಕೆ ಎರಡರಿಂದ ನಾಲ್ಕು ವಾರ ಆ್ಯಂಟಿಬಯಾಟಿಕ್ ಕೊಟ್ಟರೆ ಪೂರ್ತಿ ನಿಲ್ಲುತ್ತದೆ. ನಿಂತು, ಬಿಟ್ಟ ಕೆಲವೇ ವಾರಕ್ಕೆ ಮತ್ತೆ ಮತ್ತೆ ಮರಳುತ್ತಿದ್ದರೆ ಬುಡದಲ್ಲಿ ಬೇರೇನೋ ಇದೆ.

ಪ್ರಶ್ನೆ: ನನಗೆ 26. ಗಲ್ಫ್ ಕೆಲಸಕ್ಕೆಂದು ಮೆಡಿಕಲ್ ಮಾಡಿಸಿದಾಗ ಹೃದಯ ಬಲಗಡೆ ಇದೆ, ಶ್ವಾಸಕೋಶದಲ್ಲಿ ಕಲೆ ಇದೆ ಎಂದು ಅನ್‌ಫಿಟ್ ಮಾಡಿದರು. ಹದಿನೈದನೇ ವಯಸ್ಸಿಗೆ ಕಫದಲ್ಲಿ ಏನೂ ಸಿಗದಿದ್ದರೂ ಆರು ತಿಂಗಳು ಟಿಬಿ ಮಾತ್ರೆ ತಿಂದಿದ್ದೇನೆ. ಚಿಕ್ಕಂದಿನಿಂದ ಬೆಳಗ್ಗೆ ಹಳದಿ ಕಫ ಇದ್ದದ್ದೇ. ಮನೆಯಲ್ಲಿ ಮದುವೆ ಮಾತುಕತೆ ನಡೆಯುತ್ತಿದೆ. ಏನು ಮಾಡಲಿ? (ಉಳ್ಳಾಲದ ಓದುಗ)

ಉತ್ತರ: ಹೃದಯ ನಿಜವಾಗಿ ಬಲಗಡೆ ಇದೆಯೋ, ಫಿಲ್ಮ್ ತಿರುಗಿದೆಯೋ ಎಂಬುದು ಮೊದಲು ಇತ್ಯರ್ಥವಾಗಲಿ. ಎಕ್ಸ್‌ರೇಯಲ್ಲಿ ಎಡ ಅಥವಾ ಬಲ ಎಂದು ಒಂದು ಅಕ್ಷರದ ಗುರುತು ಇರುತ್ತದೆ. ಅದನ್ನು ತಪ್ಪು ಕಡೆಗೆ ಇಟ್ಟರೆ, ಅಥವಾ ಕಂಪ್ಯೂಟರಿನಲ್ಲಿ ಚಿತ್ರ ಮಗುಚಿದರೆ ಸರಿಯಿದ್ದವರ ಹೃದಯವೂ ಬಲಕ್ಕೆ ಕಾಣುತ್ತದೆ. ಇದಕ್ಕಿಂತ ಹೆಚ್ಚು ನಷ್ಟ ಮಾಡುವುದು ಇದರ ಉಲ್ಟಾ: ನಿಜವಾಗಿ ಬಲಗಡೆ ಇರುವವರ ಫಿಲ್ಮನ್ನು "ತಪ್ಪಾಗಿ ಹಿಡಿದದ್ದು" ಎಂದುಕೊಂಡು ತಿರುಗಿಸಿ ನೋಡಿ, ನಾರ್ಮಲ್ ಎಂದು ಬರೆದುಬಿಡುವುದು. ಒಂದು ಇಸಿಜಿ, ಒಂದು ಹೊಟ್ಟೆಯ ಅಲ್ಟ್ರಾಸೌಂಡ್ ಮಾಡಿಸಿ. ಯಕೃತ್ತು ಎಡಕ್ಕೆ, ಗುಲ್ಮ (ಸ್ಪ್ಲೀನ್) ಬಲಕ್ಕೆ ಇದ್ದರೆ ಎಲ್ಲ ಅಂಗಗಳೂ ಕನ್ನಡಿಯಲ್ಲಿ ಕಂಡಂತೆ ಅದಲುಬದಲಾಗಿವೆ ಎಂದು ಖಚಿತ. ಕೆಲವರಲ್ಲಿ ಪೂರ್ತಿ ಅದಲುಬದಲಾಗದೆ ಅಲ್ಲೊಂದು ಇಲ್ಲೊಂದು ಇರುತ್ತವೆ, ಗುಲ್ಮ ಇಲ್ಲದೆಯೂ ಇರಬಹುದು. ಅಂಥವರಿಗೆ ಹೃದಯದ ಎಕೋ ಬೇಕು, ಗುಲ್ಮ ಇಲ್ಲದಿದ್ದರೆ ಹೆಚ್ಚುವರಿ ಲಸಿಕೆಗಳೂ ಬೇಕು.

ಅಂಗಗಳು ಪೂರ್ತಿ ಅದಲುಬದಲಾಗಿರುವುದರಿಂದಷ್ಟೇ ಆರೋಗ್ಯಕ್ಕೆ ತೊಂದರೆಯಿಲ್ಲ. ಹಾಗಿರುವವರಲ್ಲಿ ಪಿಸಿಡಿ ಇರುವುದು ಸುಮಾರು ನಾಲ್ಕನೇ ಒಂದು ಪಾಲು ಜನರಿಗೆ, ಉಳಿದವರು ಅದರ ಅರಿವೇ ಇಲ್ಲದೆ ಬಾಳುತ್ತಾರೆ. ನಿಮ್ಮ ವಿಷಯದಲ್ಲಿ ಅನುಮಾನ ಹುಟ್ಟಿಸುವುದು ಅದರ ಜೊತೆಗಿರುವ ಕಫ. ಅದಲುಬದಲಾದ ಅಂಗಗಳು, ಸೈನಸ್ ತೊಂದರೆ, ಹಿಗ್ಗಿ ಕೆಟ್ಟ ಶ್ವಾಸನಾಳಗಳು (ಬ್ರಾಂಕಿಯೆಕ್ಟಾಸಿಸ್) ಈ ಮೂರೂ ಒಟ್ಟಿಗೆ ಇರುವುದನ್ನು ಸ್ವಿಟ್ಜರ್‌ಲೆಂಡಿನ ವೈದ್ಯ ಮಾನೆಸ್ ಕಾರ್ಟಗೆನರ್ 1933ರಲ್ಲಿ ವಿವರಿಸಿದರು. ಅದಕ್ಕೆ ಕಾರಣ ಸಿಲಿಯಾದಲ್ಲಿದೆ ಎಂದು ಸ್ವೀಡನ್ನಿನ ಬ್ಯೋರ್ನ್ ಅಫ್ಜೇಲಿಯಸ್ ತೋರಿಸಿಕೊಟ್ಟದ್ದು 1976ರಲ್ಲಿ. ಕಾರ್ಟಗೆನರ್ ಸಿಂಡ್ರೋಮ್ ಎಂದು ಈಗಲೂ ಕರೆಯುವುದು ಪಿಸಿಡಿಯ ಈ ರೂಪವನ್ನೇ.

"ಕಲೆ" ಏನೆಂದು ತಿಳಿಯಲು ಎಚ್‌ಆರ್‌ಸಿಟಿ (ಶ್ವಾಸಕೋಶದ ಸೂಕ್ಷ್ಮ ಸಿಟಿ ಸ್ಕ್ಯಾನ್) ಮಾಡಿಸಿ. ಟಿಬಿಯ ಹಳೇ ಗಾಯ ಹೆಚ್ಚಾಗಿ ಶ್ವಾಸಕೋಶದ ಮೇಲ್ಭಾಗದಲ್ಲಿ. ಪಿಸಿಡಿಯಲ್ಲಿ ಶ್ವಾಸನಾಳ ಹಿಗ್ಗುವುದು ಹೆಚ್ಚಾಗಿ ಬಲಗಡೆಯ ಮಧ್ಯದ ಹಾಲೆಯಲ್ಲಿ, ಎಡಗಡೆ ಅದರ ಎದುರಿಗಿರುವ ಲಿಂಗ್ಯುಲಾ ಎಂಬ ಭಾಗದಲ್ಲಿ, ಕೆಳಗಿನ ಹಾಲೆಗಳಲ್ಲಿ. ಒಂದು ಎಚ್ಚರಿಕೆ: ಎಲ್ಲವೂ ಅದಲುಬದಲಾಗಿರುವವರಲ್ಲಿ ಮಧ್ಯದ ಹಾಲೆ ಇರುವುದೂ ಎಡಗಡೆಗೆ. ಸ್ಕ್ಯಾನ್ ಓದುವವರಿಗೆ ಅದು ಮೊದಲೇ ಗೊತ್ತಿರಬೇಕು. ಕಫವನ್ನು ಟಿಬಿ ರೋಗಾಣುವಿನ ಡಿಎನ್‌ಎ ಹುಡುಕುವ ಸಿಬಿನ್ಯಾಟ್ ಪರೀಕ್ಷೆಗೂ, ಟಿಬಿ ಕಲ್ಚರ್‌ಗೂ, ಸಾಮಾನ್ಯ ಬ್ಯಾಕ್ಟೀರಿಯಾ ಕಲ್ಚರ್‌ಗೂ ಕೊಡಿ. ನಮ್ಮ ದೇಶದಲ್ಲಿ ದೀರ್ಘ ಕೆಮ್ಮು, ಕಫದಲ್ಲಿ ರಕ್ತ ಎಂದರೆ ಟಿಬಿ ನೆನಪಾಗುವುದು ಸಹಜ, ನೆನಪಾಗಲೂಬೇಕು. ಆದರೆ ರೋಗಾಣು ಸಿಗದೆ ಕೊಟ್ಟ ಮಾತ್ರೆಗೆ ಕೆಮ್ಮು ಬಗ್ಗದಿದ್ದಾಗ ಹುಡುಕಾಟ ಅಲ್ಲಿಗೆ ನಿಲ್ಲಬಾರದು. ಟಿಬಿ ಇಲ್ಲವೆಂಬ ವರದಿ, ಪಿಸಿಡಿ ಖಚಿತವಾದರೆ ಅದು ಅಂಟುವ ಕಾಯಿಲೆಯಲ್ಲವೆಂಬ ತಜ್ಞರ ಪತ್ರ, ಎರಡೂ ಲಿಖಿತವಾಗಿ ಕೈಯಲ್ಲಿರಲಿ. ಒಪ್ಪುವುದು ಬಿಡುವುದು ಆ ದೇಶದ ನಿಯಮಕ್ಕೆ ಸೇರಿದ್ದು, ಆದರೂ ಪತ್ರವಿಲ್ಲದೆ ಕೇಳಲು ದಾರಿಯೇ ಇರುವುದಿಲ್ಲ. ಪರ್ಸಿನಲ್ಲಿ "ಅಂಗಗಳು ಎಡಬಲ ಅದಲುಬದಲಾಗಿವೆ" ಎಂದು ಬರೆದ ಚೀಟಿ ಇಟ್ಟುಕೊಳ್ಳಿ. ಅಪೆಂಡಿಕ್ಸ್ ನೋವು ನಿಮಗೆ ಎಡಗಡೆ ಬರುತ್ತದೆ.

ಮದುವೆಯ ಬಗ್ಗೆ ಸಂಕೋಚದಿಂದ ಅರ್ಧಕ್ಕೇ ನಿಲ್ಲಿಸಿದ್ದೀರಿ. ವೀರ್ಯಾಣುವಿನ ಬಾಲದ ರಚನೆಯೂ ಸಿಲಿಯಾದ ರಚನೆಯನ್ನೇ ಹೋಲುತ್ತದೆ. ಹಾಗಾಗಿ ಪಿಸಿಡಿ ಇರುವ ಅನೇಕ ಗಂಡಸರಲ್ಲಿ ವೀರ್ಯಾಣುಗಳ ಸಂಖ್ಯೆ ಸರಿಯಿದ್ದೂ ಚಲನೆ ಇರುವುದಿಲ್ಲ. ಎಲ್ಲರಲ್ಲೂ ಹೀಗಲ್ಲ, ಯಾವ ಜೀನ್ ಕೆಟ್ಟಿದೆ ಎಂಬುದರ ಮೇಲೆ ಹೋಗುತ್ತದೆ. ವೀರ್ಯ ಪರೀಕ್ಷೆಯಲ್ಲಿ ಚಲನೆಯಿಲ್ಲ ಎಂದು ಬಂದರೆ, ಜೀವಂತ ಇವೆಯೇ ಎಂಬ ಪರೀಕ್ಷೆಯನ್ನೂ ಕೇಳಿ. ಚಲಿಸದ ಆದರೆ ಜೀವಂತವಿರುವ ವೀರ್ಯಾಣುವನ್ನು ಅಂಡಾಣುವಿಗೆ ನೇರವಾಗಿ ಸೇರಿಸುವ ಇಕ್ಸಿ ವಿಧಾನದಿಂದ ಮಕ್ಕಳನ್ನು ಪಡೆದವರಿದ್ದಾರೆ. ಈ ವಿಷಯ ಮದುವೆಗೆ ಮುಂಚೆಯೇ ಹುಡುಗಿಗೆ ಗೊತ್ತಿರಲಿ.

ಪ್ರಶ್ನೆ: ಎಂಟು ವರ್ಷದ ಮಗಳಿಗೆ ಮೂಗಿನಲ್ಲಿ ಸ್ಯಾಕರಿನ್ ಚೂರು ಇಟ್ಟು ನೋಡಿದರು. 40 ನಿಮಿಷಕ್ಕೆ ಸಿಹಿ ಗೊತ್ತಾಯಿತು ಎಂದಳು. ಬೇರೊಂದು ಕಡೆ ಬಾಯಿಯಿಂದ ಊದಿಸಿ ನೈಟ್ರಿಕ್ ಆಕ್ಸೈಡ್ ನೋಡಿ ನಾರ್ಮಲ್ ಎಂದರು. ಇನ್ನು ಚಿಂತೆ ಬಿಡಬಹುದೇ? (ಪುತ್ತೂರಿನ ಓದುಗರು)

ಉತ್ತರ: ಎರಡರಲ್ಲಿ ಯಾವುದರ ಮೇಲೂ ನಿಲ್ಲಬೇಡಿ. ಸ್ಯಾಕರಿನ್ ಪರೀಕ್ಷೆಯಲ್ಲಿ ಒಂದೆರಡು ಮಿಲಿಮೀಟರಿನ ಚೂರನ್ನು ಮೂಗಿನೊಳಗಿನ ಕೆಳ ಟರ್ಬಿನೇಟ್ ಎಂಬ ಉಬ್ಬಿನ ಮೇಲೆ, ಅದರ ಮುಂತುದಿಯಿಂದ ಒಂದು ಸೆಂಟಿಮೀಟರ್ ಹಿಂದೆ ಇಡುತ್ತಾರೆ. ಸಿಲಿಯಾ ಅದನ್ನು ಗಂಟಲಿಗೆ ಸಾಗಿಸಿದಾಗ ಸಿಹಿ ಗೊತ್ತಾಗುತ್ತದೆ, ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ. ಅಷ್ಟೂ ಹೊತ್ತು ತಲೆ ಅಲ್ಲಾಡಿಸದೆ, ಮೂಗು ಸೇದದೆ, ಸೀನದೆ, ಕೆಮ್ಮದೆ, ತಿನ್ನದೆ ಕೂರಬೇಕು. ಎಂಟು ವರ್ಷದ ಮಗುವಿಗೆ ಅದು ಆಗುವ ಮಾತಲ್ಲ. ಒಂದು ಸಲ ಮೂಗೆಳೆದರೆ ಚೂರು ತಾನೇ ಹಿಂದೆ ಹೋಗಿ ಫಲಿತಾಂಶ ಚೆನ್ನಾಗಿ ಕಾಣುತ್ತದೆ. ಶೀತವಿದ್ದರೆ ಸರಿಯಿದ್ದ ಸಿಲಿಯಾವೂ ನಿಧಾನವಾಗಿ ಫಲಿತಾಂಶ ಕೆಟ್ಟದಾಗಿ ಕಾಣುತ್ತದೆ. ಇದರಿಂದ ಪಿಸಿಡಿಯನ್ನು ಖಚಿತಪಡಿಸಲೂ ಆಗದು, ತಳ್ಳಿಹಾಕಲೂ ಆಗದು.

ಬಾಯಿಯಿಂದ ಊದಿಸುವ ನೈಟ್ರಿಕ್ ಆಕ್ಸೈಡ್ ಅಸ್ತಮಾಕ್ಕೆ ಮಾಡುವ ಪರೀಕ್ಷೆ. ಪಿಸಿಡಿಗೆ ಬೇಕಾದದ್ದು ಮೂಗಿನದ್ದು. ಹೆಸರು ಒಂದೇ ಆದ್ದರಿಂದ ಅದಲುಬದಲಾಗುವುದುಂಟು, ಬುಕ್ ಮಾಡುವಾಗಲೇ ಫೋನಿನಲ್ಲಿ "ಮೂಗಿನ ನೈಟ್ರಿಕ್ ಆಕ್ಸೈಡ್ ಇದೆಯೇ" ಎಂದು ಸ್ಪಷ್ಟವಾಗಿ ಕೇಳಿ. ಸೈನಸ್‌ಗಳಲ್ಲಿ ಈ ಅನಿಲ ಧಾರಾಳ ಇರುತ್ತದೆ. ಪಿಸಿಡಿ ಇರುವ ಹೆಚ್ಚಿನವರಲ್ಲಿ ತೀರಾ ಕಡಿಮೆ. ಒಂದು ಹೊಳ್ಳೆಗೆ ಮೆತ್ತನೆಯ ಬಿರಡೆಯಿರುವ ನಳಿಕೆ ಇಟ್ಟು ಯಂತ್ರ ಗಾಳಿಯನ್ನು ಎಳೆದುಕೊಳ್ಳುತ್ತಿರುತ್ತದೆ, ಮಗು ಅದೇ ಹೊತ್ತಿಗೆ ಸಣ್ಣ ತೂತಿನ ನಳಿಕೆಯಲ್ಲಿ ಬಾಯಿಂದ ಬಿಗಿಯಾಗಿ ಊದಬೇಕು. ಆಗ ಅಂಗುಳಿನ ಹಿಂಭಾಗ ಮೇಲೆದ್ದು ಮೂಗಿಗೂ ಗಂಟಲಿಗೂ ನಡುವಿನ ದಾರಿ ಮುಚ್ಚುತ್ತದೆ. ಅದು ಮುಚ್ಚದಿದ್ದರೆ ಶ್ವಾಸಕೋಶದ ಗಾಳಿ ಬೆರೆತು ಸಂಖ್ಯೆ ಸುಳ್ಳೇ ಕಡಿಮೆ ಬರುತ್ತದೆ. ಐದು ವರ್ಷ ದಾಟಿದ ಮಕ್ಕಳು ಇದನ್ನು ಕಲಿತುಕೊಳ್ಳುತ್ತಾರೆ. ಪರದೆಯ ಗೆರೆ ಕನಿಷ್ಠ ಮೂರು ಸೆಕೆಂಡ್ ಸಮತಟ್ಟಾಗಿ ನಿಲ್ಲಬೇಕು, ಎರಡೂ ಹೊಳ್ಳೆಗಳಲ್ಲಿ ಒಂದಕ್ಕಿಂತ ಹೆಚ್ಚು ಸಲ ಅಳೆಯಬೇಕು.

ವರದಿಯಲ್ಲಿ ಪಿಪಿಬಿ (ಗಾಳಿಯ ನೂರು ಕೋಟಿ ಪಾಲಿನಲ್ಲಿ ಎಷ್ಟು ಪಾಲು) ಎಂದು ಮಾತ್ರ ಇದ್ದರೆ ಅದನ್ನು ಯಂತ್ರ ಗಾಳಿ ಎಳೆಯುವ ವೇಗದಿಂದ ಗುಣಿಸಬೇಕು. 100 ಪಿಪಿಬಿ, ವೇಗ ನಿಮಿಷಕ್ಕೆ 0.3 ಲೀಟರ್ ಎಂದಾದರೆ ನಿಮಿಷಕ್ಕೆ 30 ನ್ಯಾನೋಲೀಟರ್. ಈ ನ್ಯಾನೋಲೀಟರ್ ಲೆಕ್ಕದಲ್ಲಿ 77ಕ್ಕಿಂತ ಕಡಿಮೆ ಬಂದರೆ ಪಿಸಿಡಿಯ ಅನುಮಾನ ಬಲವಾಗುತ್ತದೆ. ಆ ಗೆರೆಯನ್ನು ಗೊತ್ತುಮಾಡಿದ್ದು ಕೆಮಿಲ್ಯೂಮಿನೆಸೆನ್ಸ್ ಎಂಬ ಬಗೆಯ ಯಂತ್ರದಲ್ಲಿ, ಬೇರೆ ಯಂತ್ರವಾದರೆ ಅಷ್ಟು ಎಚ್ಚರದಿಂದ ಓದಬೇಕು. ಶೀತವಿದ್ದಾಗ ಸಂಖ್ಯೆ ಇಳಿಯುತ್ತದೆ, ಆದ್ದರಿಂದ ಶೀತ ಇಳಿದು ನಾಲ್ಕು ವಾರವಾದರೂ ಆಗಿರಲಿ. ಕಡಿಮೆ ಬಂದರೆ ಎರಡು ತಿಂಗಳು ಬಿಟ್ಟು ಇನ್ನೊಮ್ಮೆ ನೋಡುವುದು ಒಳ್ಳೆಯದು. ಸಿಸ್ಟಿಕ್ ಫೈಬ್ರೋಸಿಸ್‌ನಲ್ಲೂ ಇದು ಕಡಿಮೆ ಇರಬಹುದು, ಅದಕ್ಕೇ ಬೆವರಿನ ಪರೀಕ್ಷೆ ಮೊದಲು ಆಗಿರಬೇಕು ಎಂದದ್ದು. ಆರ್‌ಎಸ್‌ಪಿಎಚ್1ನಂಥ ಕೆಲವು ಜೀನ್‌ಗಳ ಪಿಸಿಡಿಯಲ್ಲಿ ನೈಟ್ರಿಕ್ ಆಕ್ಸೈಡ್ ಸರಿಯಾಗಿಯೇ ಇರಬಹುದು ಎಂಬುದೂ ನೆನಪಿರಲಿ. ಲಕ್ಷಣ ಜೋರಾಗಿದ್ದರೆ ಮುಂದಿನ ಪರೀಕ್ಷೆಗೆ ಹೋಗಲೇಬೇಕು.

ಪ್ರಶ್ನೆ: ಮೂಗಿನಿಂದ ಸಿಲಿಯಾ ತೆಗೆದು ಪರೀಕ್ಷೆಗೆ ಕಳಿಸಬೇಕು ಎಂದಿದ್ದಾರೆ. ಮಗುವಿಗೆ ಅರಿವಳಿಕೆ ಬೇಕೇ? ನೋವಾಗುತ್ತದೆಯೇ? (ಮೂಡುಬಿದಿರೆಯ ಓದುಗರು)

ಉತ್ತರ: ಅರಿವಳಿಕೆ ಬೇಡ. ಹಲ್ಲಿನ ಸಂದು ತಿಕ್ಕುವ ಬ್ರಷ್‌ನಷ್ಟು ಸಣ್ಣದೊಂದು ಬ್ರಷ್ಷನ್ನು ಕೆಳ ಟರ್ಬಿನೇಟಿನ ಮೇಲೆ ನಾಲ್ಕಾರು ಸಲ ಉಜ್ಜಿ ತೆಗೆಯುತ್ತಾರೆ. ಕೆಲವೇ ಸೆಕೆಂಡಿನ ಕೆಲಸ. ಕಣ್ಣಲ್ಲಿ ನೀರು ಬರುತ್ತದೆ, ಸೀನು ಬರುತ್ತದೆ, ಒಂದೆರಡು ಹನಿ ರಕ್ತ ಬಂದರೂ ಹೆದರಬೇಕಿಲ್ಲ. ಮರಗಟ್ಟಿಸುವ ಸ್ಪ್ರೇ ಹಾಕದಿರುವುದೇ ಒಳ್ಳೆಯದು, ಅದು ಸಿಲಿಯಾದ ಬಡಿತವನ್ನೇ ತಗ್ಗಿಸಬಹುದು. ದಿನ ಗೊತ್ತುಮಾಡುವುದು ಇದರಲ್ಲಿ ಬ್ರಷ್‌ಗಿಂತ ಮುಖ್ಯ. ಕೊನೆಯ ಶೀತ ಅಥವಾ ಜ್ವರ ಕಳೆದು ನಾಲ್ಕರಿಂದ ಆರು ವಾರ ಆಗಿರಬೇಕು. ಸೋಂಕಿದ್ದರೆ ಯಾರ ಸಿಲಿಯಾವೂ ತಾತ್ಕಾಲಿಕವಾಗಿ ಕೆಡುತ್ತದೆ, ವರದಿ ದಾರಿ ತಪ್ಪಿಸುತ್ತದೆ. ನಮ್ಮಲ್ಲಿ ಜುಲೈಯಲ್ಲಿ ಶೀತವಿಲ್ಲದ ಆರು ವಾರ ಸಿಗುವುದು ಕಷ್ಟ. ತುರ್ತಿಲ್ಲದಿದ್ದರೆ ಡಿಸೆಂಬರ್, ಜನವರಿಗೆ ಇಟ್ಟುಕೊಳ್ಳಿ. ಪಿಸಿಡಿ ಮಗುವಿಗೆ ಮೂಗು ಸೋರುವುದು ಇದ್ದದ್ದೇ, ಹಾಗಾಗಿ ಮಾಮೂಲಿಗಿಂತ ಹೆಚ್ಚಾಗಿಲ್ಲದ ಸಮಯ ಎಂದು ಅರ್ಥಮಾಡಿಕೊಳ್ಳಿ.

ತೆಗೆದ ಕೋಶಗಳನ್ನು ಎರಡು ಪಾಲು ಮಾಡುತ್ತಾರೆ. ಜೀವಂತ ಪಾಲನ್ನು ಪೋಷಕ ದ್ರಾವಣದಲ್ಲಿಟ್ಟು, 37 ಡಿಗ್ರಿಯಲ್ಲಿ, ಸೆಕೆಂಡಿಗೆ 500ರಷ್ಟು ಚಿತ್ರ ಹಿಡಿಯುವ ಕ್ಯಾಮೆರಾ ಇರುವ ಸೂಕ್ಷ್ಮದರ್ಶಕದಲ್ಲಿ ನೋಡಿ, ಚಿತ್ರವನ್ನು ನಿಧಾನಗೊಳಿಸಿ ಬಡಿತದ ರೀತಿ ಗಮನಿಸುತ್ತಾರೆ. ಇದು ನುರಿತ ಕಣ್ಣಿನ ಕೆಲಸ, ಎಲ್ಲ ಕಡೆ ಇಲ್ಲ. ಬಡಿತದ ವೇಗ ಸರಿಯಿದೆ ಎಂದಷ್ಟೇ ಬರೆದ ವರದಿ ಸಾಲದು. ವೇಗ ಸರಿಯಿದ್ದು, ಬಾಗುವುದು ಪೂರ್ತಿಯಾಗದೆ ಸೆಟೆದಂತೆ ಬಡಿಯುವ ಸಿಲಿಯಾವೂ ಇರುತ್ತದೆ.

ಇನ್ನೊಂದು ಪಾಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ. ಹೆಚ್ಚಿನ ಅವಾಂತರ ಆಗುವುದು ಇಲ್ಲೇ. ಸ್ಯಾಂಪಲ್ ಬೀಳಬೇಕಾದದ್ದು ಗ್ಲುಟರಾಲ್ಡಿಹೈಡ್ ಎಂಬ ದ್ರಾವಣದಲ್ಲಿ. ಆಪರೇಷನ್ ಥಿಯೇಟರಿನಲ್ಲಿ ಕೈಗೆ ಸಿಗುವುದು ಫಾರ್ಮಲಿನ್ ಬಾಟಲಿ, ಅಭ್ಯಾಸಬಲದಿಂದ ಅದಕ್ಕೇ ಹಾಕಿಬಿಟ್ಟರೆ ಒಳರಚನೆ ನೋಡಲು ಬೇಕಾದಷ್ಟು ಚೆನ್ನಾಗಿ ಉಳಿಯುವುದಿಲ್ಲ, ಮಗು ಇನ್ನೊಮ್ಮೆ ಅಳಬೇಕಾಗುತ್ತದೆ. ಲ್ಯಾಬಿನವರಿಂದ ಬಾಟಲಿ ಮೊದಲೇ ತರಿಸಿಟ್ಟುಕೊಳ್ಳಲು ನಿಮ್ಮ ಇಎನ್‌ಟಿ ವೈದ್ಯರಿಗೆ ನೆನಪಿಸಿ, ಅವರು ಬೇಸರಿಸುವುದಿಲ್ಲ. ಬೆಂಗಳೂರಿಗೋ ಬೇರೆ ಊರಿಗೋ ಕಳಿಸುವುದಾದರೆ ತಣ್ಣಗೆ, ಸುಮಾರು 4 ಡಿಗ್ರಿಯಲ್ಲಿ ಇರಬೇಕು. ಮಂಜುಗಡ್ಡೆಗೆ ನೇರ ತಾಗಿ ಹೆಪ್ಪುಗಟ್ಟಬಾರದು.

ಅಡ್ಡ ಕೊಯ್ದ ಸಿಲಿಯಾದಲ್ಲಿ ಸುತ್ತ ಒಂಬತ್ತು ಜೋಡಿ ನಳಿಕೆಗಳು, ನಡುವೆ ಎರಡು ಬಿಡಿ ನಳಿಕೆಗಳು. ಒಂಬತ್ತರ ಪ್ರತಿ ಜೋಡಿಗೂ ಡೈನೀನ್ ಎಂಬ ಪ್ರೋಟೀನಿನ ಹೊರತೋಳು, ಒಳತೋಳು. ಬಡಿತಕ್ಕೆ ಶಕ್ತಿ ಕೊಡುವುದು ಈ ತೋಳುಗಳು. ಕನಿಷ್ಠ 50 ಅಡ್ಡಕೊಯ್ತಗಳನ್ನು ಎಣಿಸಿ, ಅರ್ಧಕ್ಕಿಂತ ಹೆಚ್ಚಿನವುಗಳಲ್ಲಿ ಹೊರತೋಳು ಇಲ್ಲದಿದ್ದರೆ ಪಿಸಿಡಿ ಖಚಿತ. ಒಳತೋಳು ಮಾತ್ರ ಕಾಣಲಿಲ್ಲ ಎಂಬ ವರದಿಯನ್ನು ಒಂದೇ ಸಲಕ್ಕೆ ನಂಬಬೇಡಿ, ಅವು ಸರಿಯಿದ್ದಾಗಲೂ ಮಸುಕು, ಸೋಂಕಿನಲ್ಲಿ ಇನ್ನೂ ಮಸುಕು. "ರಚನೆ ನಾರ್ಮಲ್" ಎಂದರೂ ಕಾಯಿಲೆ ಇಲ್ಲ ಎಂದಲ್ಲ. ನೂರರಲ್ಲಿ ಇಪ್ಪತ್ತು ಮೂವತ್ತು ಪಿಸಿಡಿ ರೋಗಿಗಳಲ್ಲಿ ರಚನೆ ಸರಿಯಾಗಿಯೇ ಕಾಣುತ್ತದೆ. ಡಿಎನ್‌ಎಎಚ್11 ಎಂಬ ಜೀನಿನ ದೋಷ ಇದಕ್ಕೆ ಒಳ್ಳೆಯ ಉದಾಹರಣೆ.

ಪ್ರಶ್ನೆ: ಸೋದರತ್ತೆಯ ಮಗನನ್ನೇ ಮದುವೆಯಾಗಿದ್ದೇನೆ. ಆರು ವರ್ಷದ ಮಗಳ ಜೀನ್ ವರದಿಯಲ್ಲಿ ಡಿಎನ್‌ಎಎಚ್5ರ ಎರಡೂ ಪ್ರತಿಗಳಲ್ಲಿ ಒಂದೇ ಬದಲಾವಣೆ ಇದೆ, ಆದರೆ ಅದು "ವಿಯುಎಸ್" ಎಂದು ಬರೆದಿದೆ. ಈಗ ನಾನು ಒಂಬತ್ತು ವಾರದ ಗರ್ಭಿಣಿ. (ಕಾರ್ಕಳದ ಓದುಗರು)

ಉತ್ತರ: ಬದಲಾವಣೆ ಇದೆ, ಅದರಿಂದ ಕೆಡುಕಾಗುತ್ತದೆಯೋ ಇಲ್ಲವೋ ಎಂದು ಹೇಳಲು ಸಾಕ್ಷ್ಯ ಸಾಲದು ಎಂಬುದೇ ವಿಯುಎಸ್. ಅದನ್ನು ಕಾಯಿಲೆ ಎಂದೂ ಓದಬಾರದು, ಕಾಯಿಲೆ ಇಲ್ಲ ಎಂದೂ ಓದಬಾರದು. ಪಿಸಿಡಿಗೆ ಕಾರಣವಾಗುವ ಜೀನ್‌ಗಳು ಐವತ್ತಕ್ಕೂ ಹೆಚ್ಚು ಗೊತ್ತಾಗಿವೆ. ಹೆಚ್ಚಿನವುಗಳಲ್ಲಿ ತಂದೆಯಿಂದೊಂದು, ತಾಯಿಯಿಂದೊಂದು ಕೆಟ್ಟ ಪ್ರತಿ ಬಂದರೆ ಮಾತ್ರ ಕಾಯಿಲೆ. ಸಂಬಂಧದಲ್ಲಿ ಮದುವೆಯಾದಾಗ ಅಜ್ಜ ಅಜ್ಜಿಯಿಂದ ಬಂದ ಒಂದೇ ಪ್ರತಿ ಇಬ್ಬರಲ್ಲೂ ಇರುವ ಸಾಧ್ಯತೆ ಹೆಚ್ಚು. ಇದರಲ್ಲಿ ನಿಮ್ಮಿಬ್ಬರ ತಪ್ಪೇನೂ ಇಲ್ಲ. ಒಂದು ಕೆಟ್ಟ ಪ್ರತಿ ಮಾತ್ರ ಇರುವವರು ಆರೋಗ್ಯವಾಗಿಯೇ ಇರುತ್ತಾರೆ, ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಡಿಎನ್‌ಎಎಚ್5 ವಿಷಯದಲ್ಲಿ ಒಂದು ಅನುಕೂಲವಿದೆ. ಈ ಜೀನ್ ತಯಾರಿಸುವುದು ಮೇಲೆ ಹೇಳಿದ ಹೊರತೋಳಿನ ಮುಖ್ಯ ಭಾಗವನ್ನು. ಆದ್ದರಿಂದ ಇದು ನಿಜವಾದ ಕಾರಣವಾಗಿದ್ದರೆ ಮಗಳ ಸಿಲಿಯಾದಲ್ಲಿ ಹೊರತೋಳು ಇರಬಾರದು, ಮೂಗಿನ ನೈಟ್ರಿಕ್ ಆಕ್ಸೈಡ್ ಕಡಿಮೆ ಇರಬೇಕು. ಎರಡೂ ಹಾಗೆಯೇ ಬಂದರೆ ವರದಿಯ ತೂಕ ಬಹಳ ಹೆಚ್ಚುತ್ತದೆ. ಹೊರತೋಳುಗಳು ಸರಿಯಾಗಿ ಕಂಡರೆ ಕಾರಣ ಬೇರೆ ಕಡೆ ಹುಡುಕಬೇಕು. ಜೊತೆಗೆ ನಿಮ್ಮಿಬ್ಬರ ರಕ್ತವನ್ನೂ ಅದೇ ಬದಲಾವಣೆಗೆ ನೋಡಿಸಿ. ಒಬ್ಬರಲ್ಲಿ ಮಾತ್ರ ಇದ್ದರೆ ಮಗಳ ಇನ್ನೊಂದು ಪ್ರತಿಯಲ್ಲಿ ಆ ಭಾಗವೇ ಅಳಿಸಿಹೋಗಿರಬಹುದು, ಅದನ್ನು ನೋಡುವ ಪರೀಕ್ಷೆ ಬೇರೆ.

ಗರ್ಭದ ವಿಷಯದಲ್ಲಿ ಸಮಯ ಕಡಿಮೆ, ಈ ವಾರವೇ ತಳಿಶಾಸ್ತ್ರ ತಜ್ಞರನ್ನು ಕಾಣಿ. ಮಣಿಪಾಲದ ಕಸ್ತೂರ್ಬಾ ಮೆಡಿಕಲ್ ಕಾಲೇಜಿನಲ್ಲಿ ವೈದ್ಯಕೀಯ ತಳಿಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗವಿದೆ, ನಿಮಗೆ ದೂರವೂ ಅಲ್ಲ. ಬದಲಾವಣೆ ಖಚಿತವಾದರೆ 11ನೇ ವಾರದ ನಂತರ ಮಾಸಿನ (ಪ್ಲಾಸೆಂಟಾ) ಚೂರಿನಿಂದ, ಅಥವಾ 16ನೇ ವಾರದಿಂದ ಗರ್ಭಜಲದಿಂದ ನೋಡಬಹುದು. ವಿಯುಎಸ್ ಆಗಿಯೇ ಉಳಿದರೆ ಅದರ ಆಧಾರದಲ್ಲಿ ಗರ್ಭದ ಪರೀಕ್ಷೆ ಮಾಡಿ ತೀರ್ಮಾನಕ್ಕೆ ಬರುವುದು ಸರಿಯಲ್ಲ. ನೀವಿಬ್ಬರೂ ಒಂದೊಂದು ಕೆಟ್ಟ ಪ್ರತಿ ಹೊತ್ತವರಾದರೆ ಪ್ರತಿ ಗರ್ಭದಲ್ಲೂ ಕಾಯಿಲೆಯ ಸಾಧ್ಯತೆ ನೂರಕ್ಕೆ 25. ಮೊದಲ ಮಗುವಿಗೆ ಇತ್ತು ಎಂದು ಎರಡನೆಯದಕ್ಕೆ ಹೆಚ್ಚುವುದೂ ಇಲ್ಲ, ಇಳಿಯುವುದೂ ಇಲ್ಲ. ಪರೀಕ್ಷೆ ಬೇಡ ಎಂದುಕೊಂಡರೂ ಮಾಡಬೇಕಾದದ್ದಿದೆ: 18ರಿಂದ 20 ವಾರದ ಸ್ಕ್ಯಾನಿನಲ್ಲಿ ಹೃದಯ, ಹೊಟ್ಟೆಯ ಅಂಗಗಳು ಯಾವ ಕಡೆ ಎಂದು ನೋಡಲು ಹೇಳಿ, ಎನ್‌ಐಸಿಯು ಇರುವ ಕಡೆಯೇ ಹೆರಿಗೆ ಇಟ್ಟುಕೊಳ್ಳಿ, ಮಗು ಚುರುಕಾಗಿದೆ ಎಂದು ಮೊದಲ ದಿನವೇ ಮನೆಗೆ ಕರೆತರಬೇಡಿ.

ಪ್ರಶ್ನೆ: ಹೆರಿಗೆ ವಾರ್ಡಿನ ನರ್ಸ್ ನಾನು. ನಮ್ಮ ಮಟ್ಟದಲ್ಲಿ ಏನು ಮಾಡಬಹುದು? (ಕುಂದಾಪುರ)

ಉತ್ತರ: ಬಹಳ ಮಾಡಬಹುದು. ಪೂರ್ಣಾವಧಿಯ ಮಗುವಿಗೆ ಮೊದಲ ದಿನ ಕಳೆಯುವ ಹೊತ್ತಿಗೆ ಉಸಿರು ನಿಮಿಷಕ್ಕೆ 60 ದಾಟಿದರೆ ಶುರುವಾದ ಗಂಟೆಯನ್ನು ಕೇಸ್ ಶೀಟಿನಲ್ಲಿ ಬರೆಯಿರಿ. "ಉಸಿರಾಟದ ತೊಂದರೆ" ಎಂಬ ಎರಡು ಪದಕ್ಕಿಂತ "ಹುಟ್ಟಿ 18 ಗಂಟೆಗೆ ಶುರು" ಎಂಬ ಮಾತು ಆ ಮಗುವಿಗೆ ಮುಂದೆ ಉಪಕಾರಕ್ಕೆ ಬರುತ್ತದೆ. ಶೀತ ತಗಲುವ ಸಂದರ್ಭವೇ ಇಲ್ಲದ ಎರಡು ಮೂರು ದಿನದ ಕೂಸಿಗೆ ಮೂಗು ಸೋರುತ್ತಿದ್ದರೆ, ಹಾಲು ಕುಡಿಯುವಾಗ ಮೂಗು ಕಟ್ಟಿ ಬಿಟ್ಟು ಬಿಟ್ಟು ಕುಡಿಯುತ್ತಿದ್ದರೆ ಅದನ್ನೂ ಬರೆಯಿರಿ. ಸ್ಟೆತೊಸ್ಕೋಪ್ ಇಟ್ಟಾಗ ಹೃದಯದ ಸದ್ದು ಬಲಗಡೆ ಜೋರಾಗಿ ಕೇಳಿಸಿದರೆ ಡಾಕ್ಟರಿಗೆ ಕೂಡಲೇ ಹೇಳಿ. ಅಣ್ಣನಿಗೋ ಅಕ್ಕನಿಗೋ ಸದಾ ಕಫ ಇದೆಯೇ ಎಂದು ಬಾಣಂತಿಯನ್ನು ಒಂದು ಮಾತು ಕೇಳಿ.

ಪ್ರಶ್ನೆ: ಪರೀಕ್ಷೆಗಳು ಮುಗಿಯುವವರೆಗೆ ಕೆಮ್ಮಿನ ಸಿರಪ್ ಕೊಡಬಹುದೇ? ಕಿವಿಗೆ ಗ್ರೊಮೆಟ್ (ಕಿವಿತಮಟೆಯಲ್ಲಿ ಕೂರಿಸುವ ಸಣ್ಣ ನಳಿಕೆ) ಹಾಕಬೇಕು ಎಂದೂ ಹೇಳಿದ್ದಾರೆ. (ಬಂಟ್ವಾಳದ ಓದುಗರು)

ಉತ್ತರ: ಕೆಮ್ಮು ತಗ್ಗಿಸುವ ಸಿರಪ್ ಬೇಡವೇ ಬೇಡ. ಸಿಲಿಯಾ ಕೆಲಸ ಮಾಡದ ಮಗುವಿಗೆ ಕಫ ಹೊರಹಾಕಲು ಉಳಿದಿರುವ ದಾರಿ ಕೆಮ್ಮು ಒಂದೇ. ಪಿಸಿಡಿ ಖಚಿತವಾಗಲು ತಿಂಗಳುಗಳೇ ಹಿಡಿಯಬಹುದು, ಅಷ್ಟು ಕಾಲ ಶ್ವಾಸಕೋಶ ಕಾಯುವುದಿಲ್ಲ. ಎದೆಯ ಫಿಸಿಯೋಥೆರಪಿಸ್ಟರಿಂದ ಕಫ ಬಿಡಿಸುವ ಉಸಿರಾಟದ ಕ್ರಮ ಕಲಿತು ಬೆಳಗ್ಗೆ, ಸಂಜೆ ಹದಿನೈದಿಪ್ಪತ್ತು ನಿಮಿಷ ಮಾಡಿಸಿ, ಸಂಜೆಯದನ್ನು ಊಟಕ್ಕೆ ಮುಂಚೆಯೇ ಮುಗಿಸಿ. ಓಡಾಟ, ಆಟ ಧಾರಾಳವಾಗಿ ಇರಲಿ. ಕಫ ಮಾಮೂಲಿಗಿಂತ ಹೆಚ್ಚಾದರೆ, ಬಣ್ಣ ದಟ್ಟವಾದರೆ ಕಲ್ಚರ್‌ಗೆ ಕೊಟ್ಟೇ ಆ್ಯಂಟಿಬಯಾಟಿಕ್ ಶುರುಮಾಡಿಸಿ. ಉಪ್ಪುನೀರಿನ ನೆಬ್ಯುಲೈಸೇಷನ್ ಕೆಲವರಿಗೆ ಒಳ್ಳೆಯದು, ಆದರೆ ಮೊದಲ ಸಲ ಆಸ್ಪತ್ರೆಯಲ್ಲೇ ಆಗಲಿ, ಕೆಲವರಿಗೆ ಎದೆ ಬಿಗಿಯುತ್ತದೆ.

ಗ್ರೊಮೆಟ್‌ಗೆ ಅವಸರ ಬೇಡ. ಪಿಸಿಡಿ ಮಕ್ಕಳಲ್ಲಿ ಅದನ್ನು ಹಾಕಿದ ಮೇಲೆ ಕಿವಿ ತಿಂಗಳುಗಟ್ಟಲೆ ಸೋರುತ್ತಲೇ ಇರುವುದು ಹೆಚ್ಚು. ಮೊದಲು ಶ್ರವಣ ಪರೀಕ್ಷೆ ಮಾಡಿಸಿ. ಕೇಳಿಸುವುದು ಕಡಿಮೆಯಾಗಿದ್ದರೆ ಶ್ರವಣ ಸಾಧನ ಹಾಕಿ ಕಾಯುವ ದಾರಿಯೂ ಇದೆ, ಹಲವರಲ್ಲಿ ದೊಡ್ಡವರಾಗುತ್ತಾ ಕಿವಿಯ ತೊಂದರೆ ಇಳಿಯುತ್ತದೆ. ಪಿಸಿಡಿ ಅನುಮಾನವಿದೆ ಎಂದು ಇಎನ್‌ಟಿಯವರಿಗೆ ಚೀಟಿ ಬರೆಸಿಕೊಂಡು ಹೋಗಿ. ಯಾವ ಕಾರಣಕ್ಕಾದರೂ ಅರಿವಳಿಕೆ ಕೊಟ್ಟು ಶಸ್ತ್ರಚಿಕಿತ್ಸೆ ಮಾಡುವುದಾದರೆ, ಅದೇ ಹೊತ್ತಿಗೆ ಮೂಗಿನ ಬ್ರಷ್ ಸ್ಯಾಂಪಲನ್ನೂ ತೆಗೆಯಬಹುದೇ ಎಂದು ಮುಂಚಿತವಾಗಿ ಕೇಳಿ. ಗ್ಲುಟರಾಲ್ಡಿಹೈಡ್ ಬಾಟಲಿ ಅಂದು ಥಿಯೇಟರಿನಲ್ಲಿ ಇರಲಿ.